ರಾಜೀನಾಮೆ ಬರೆಯುವ ಮೊದಲು ಒಂದು ಎನ್‌ಪಿಟೆಲ್ ಕೋರ್ಸ್ ಮಾಡಿ ನೋಡಿ

ಕೆಲಸ ಬಿಟ್ಟು ಎಂ.ಟೆಕ್ ಸೇರಬೇಕೋ ಬೇಡವೋ ಎಂದು ನಿರ್ಧರಿಸಲು ನನಗೆ ನಿಜವಾಗಿ ನೆರವಾದದ್ದು ಐಐಟಿಗಳ ಪಾಠಗಳನ್ನು ಆನ್‌ಲೈನಿನಲ್ಲಿ ಕೊಡುವ ಎನ್‌ಪಿಟೆಲ್‌ನ 12 ವಾರದ ಒಂದು ಕೋರ್ಸ್. ಪಾಠಗಳು ಪುಕ್ಕಟೆ. ಪರೀಕ್ಷೆಗೆ 1,000 ರೂಪಾಯಿ. ಪ್ರಮಾಣಪತ್ರಕ್ಕಾಗಿ, ಕಾಲೇಜಿನ ಕ್ರೆಡಿಟ್‌ಗಾಗಿ ಈ ಕೋರ್ಸ್ ಮಾಡುವವರು ಲಕ್ಷಗಟ್ಟಲೆ ಇದ್ದಾರೆ, ಅವರಿಗಾಗಿ ಬರೆದ ವಿಮರ್ಶೆಗಳೂ ಬೇಕಾದಷ್ಟು ಸಿಗುತ್ತವೆ. ನಾನು ಬರೆಯುತ್ತಿರುವುದು ಬೇರೆಯವರಿಗೆ: ಮೂರು ನಾಲ್ಕು ವರ್ಷ ಕೆಲಸ ಮಾಡಿ, ಕೈಯಲ್ಲಿ ಸಂಬಳವಿದ್ದು, ಮನಸ್ಸಿನಲ್ಲಿ ಓದು ಕೊರೆಯುತ್ತಿರುವವರಿಗೆ.

ನಾನು ಸಿವಿಲ್ ಎಂಜಿನಿಯರ್. ಬಿ.ಇ. ಮುಗಿದ ಮೇಲೆ ಕಟ್ಟಡಗಳ ಸ್ಟ್ರಕ್ಚರಲ್ ಡಿಸೈನ್ ಮಾಡುವ ಕನ್ಸಲ್ಟೆನ್ಸಿ ಸೇರಿದೆ. ಆರ್ಕಿಟೆಕ್ಟ್ ಕಳಿಸಿದ ಪ್ಲಾನ್ ನೋಡಿ ಕಾಲಮ್ ಎಲ್ಲೆಲ್ಲಿ ಬರಬೇಕು ಎಂದು ಗುರುತಿಸುವುದು, ಇಟ್ಯಾಬ್ಸ್ ಎಂಬ ಸಾಫ್ಟ್‌ವೇರ್‌ನಲ್ಲಿ ಮಾಡೆಲ್ ಕಟ್ಟುವುದು, ಲೋಡ್ ಹಾಕಿ ರನ್ ಮಾಡುವುದು, ಬೀಮಿಗೆ ಎಷ್ಟು ಕಬ್ಬಿಣ, ಯಾವ ಅಂತರಕ್ಕೆ ರಿಂಗು ಎಂದು ಡ್ರಾಯಿಂಗ್ ಹೊರಡಿಸುವುದು, ಸೈಟಿನಿಂದ ಫೋನ್ ಬಂದರೆ ಉತ್ತರಿಸುವುದು ನನ್ನ ಕೆಲಸ. ಕೆಲಸ ನನಗೆ ಬೇಸರವಿಲ್ಲ. ಆದರೆ ಎರಡನೇ ವರ್ಷದ ಹೊತ್ತಿಗೆ ಒಂದು ವಿಷಯ ಕಾಡಲು ಶುರುವಾಯಿತು. ಯಾವ ಗುಂಡಿ ಯಾವಾಗ ಒತ್ತಬೇಕು ಎಂದು ಗೊತ್ತು, ಒತ್ತಿದಾಗ ಒಳಗೆ ಏನಾಗುತ್ತದೆ ಎಂದು ಗೊತ್ತಿಲ್ಲ. ನಾವು ಡಿಸೈನ್ ಮಾಡುವುದರಲ್ಲಿ ಹೆಚ್ಚಿನವು ನೆಲಮಹಡಿಯಲ್ಲಿ ಗೋಡೆಯಿಲ್ಲದೆ ಪಾರ್ಕಿಂಗ್ ಬಿಟ್ಟ ಅಪಾರ್ಟ್‌ಮೆಂಟುಗಳು. 2001ರ ಜನವರಿ 26ರ ಭುಜ್ ಭೂಕಂಪದಲ್ಲಿ, ಅಲ್ಲಿಂದ 200 ಕಿಲೋಮೀಟರಿಗೂ ದೂರದ ಅಹಮದಾಬಾದಿನಲ್ಲಿ ಇಂಥವೇ ಕಟ್ಟಡಗಳು ಕುಸಿದು ಜನ ಸತ್ತರು. ಅಂಥ ಕಟ್ಟಡದ ಡ್ರಾಯಿಂಗ್ ಮೇಲೆ ‘ಡಿಸೈನ್ಡ್ ಬೈ’ ಎಂಬಲ್ಲಿ ನನ್ನ ಹೆಸರಿನ ಮೊದಲಕ್ಷರಗಳು ಇರುತ್ತವೆ. ಓದಬೇಕು ಎನಿಸಿದ್ದು ಇದರಿಂದ.

ಅದು ನಿಜವಾಗಿ ಓದಿನ ಹಸಿವೋ ಅಥವಾ ಡೆಡ್‌ಲೈನುಗಳಿಂದ ಎರಡು ವರ್ಷ ಬಿಡುವು ಬೇಕೆಂಬ ಆಸೆಯೋ ಎನ್ನುವುದು ಮಾತ್ರ ನನಗೇ ಸ್ಪಷ್ಟವಿರಲಿಲ್ಲ. ಕೇಳಿದವರೆಲ್ಲ ತಮ್ಮ ತಮ್ಮ ಬದುಕಿನ ಉತ್ತರ ಕೊಟ್ಟರು. ಎಂ.ಟೆಕ್ ಮಾಡಿದವರು ‘ಖಂಡಿತ ಮಾಡು’ ಎಂದರು, ಮಾಡದವರು ‘ಅನುಭವವೇ ಸಾಕು’ ಎಂದರು. ಅಪ್ಪ, “ಇರೋ ಕೆಲಸ ಬಿಟ್ಟು ಓದಿ ಬಂದ ಮೇಲೂ ಇದೇ ಕೆಲಸಾನೇ ತಾನೇ ಮಾಡೋದು, ಯೋಚನೆ ಮಾಡಮ್ಮ” ಎಂದರು. ಅಪ್ಪನ ಮಾತಿನಲ್ಲಿ ನ್ಯಾಯವಿತ್ತು. ಒಂದು ಕೋಚಿಂಗ್ ಸಂಸ್ಥೆಯ ಉಚಿತ ‘ಕರಿಯರ್ ಕೌನ್ಸೆಲಿಂಗ್’ಗೂ ಕೂತೆ. ಅಲ್ಲಿದ್ದವರು ನನ್ನ ವಿಷಯ ಯಾವುದೆಂದು ಕೇಳುವ ಮೊದಲೇ ಭಾನುವಾರದೊಳಗೆ ಹಣ ಕಟ್ಟಿದರೆ ಸಿಗುವ ರಿಯಾಯಿತಿ ಹೇಳಿದರು. ಅವರ ಬಳಿ ನನ್ನ ಪ್ರಶ್ನೆಗೆ ಉತ್ತರ ಇರಲು ಸಾಧ್ಯವಿರಲಿಲ್ಲ. ಅವರು ಮಾರುತ್ತಿದ್ದದ್ದು ಪ್ರವೇಶ ಪರೀಕ್ಷೆಯ ತಯಾರಿ.

ಆಗ ನಮ್ಮ ಆಫೀಸಿನ ಹಿರಿಯರೊಬ್ಬರು ಹೇಳಿದರು: “ಎಂ.ಟೆಕ್ಕಲ್ಲಿ ಫಸ್ಟ್ ಸೆಮ್ ಏನು ಓದಿಸ್ತಾರೋ ಅದನ್ನ ಈಗ್ಲೇ ಓದಿ ನೋಡಮ್ಮ. ಓದೋಕಾದ್ರೆ ಹೋಗು.” ಸ್ಟ್ರಕ್ಚರಲ್ ಎಂಜಿನಿಯರಿಂಗ್ ಎಂ.ಟೆಕ್‌ನಲ್ಲಿ ತಪ್ಪಿಸಿಕೊಳ್ಳಲಾಗದ ವಿಷಯಗಳಲ್ಲಿ ಒಂದು ಸ್ಟ್ರಕ್ಚರಲ್ ಡೈನಮಿಕ್ಸ್, ಅಂದರೆ ಕಟ್ಟಡಗಳು ಅಲುಗಾಡುವ ಬಗೆಯ ಲೆಕ್ಕ. ಅದರ 12 ವಾರದ ಕೋರ್ಸಿಗೆ ಹೆಸರು ಹಚ್ಚಿದೆ.

ಎನ್‌ಪಿಟೆಲ್ ಗೊತ್ತಿಲ್ಲದವರಿಗೆ ನಾಲ್ಕು ಮಾತು. ಕೇಂದ್ರ ಸರ್ಕಾರದ ಹಣದಲ್ಲಿ ಏಳು ಐಐಟಿಗಳು ಮತ್ತು ಬೆಂಗಳೂರಿನ ಐಐಎಸ್‌ಸಿ ಸೇರಿ 2003ರಲ್ಲಿ ಆರಂಭಿಸಿದ ಯೋಜನೆ. ಮೊದಲು ತರಗತಿ ಪಾಠಗಳ ವಿಡಿಯೊ ಮಾತ್ರ ಇತ್ತು. 2014ರಿಂದ ಪ್ರಮಾಣಪತ್ರದ ಕೋರ್ಸುಗಳು ಬಂದವು. ಈಗ ಅವು ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕೆಯ ‘ಸ್ವಯಂ’ ವೇದಿಕೆಯಲ್ಲಿ ವರ್ಷಕ್ಕೆ ಎರಡು ಬಾರಿ, ಜನವರಿ ಮತ್ತು ಜುಲೈನಲ್ಲಿ ಶುರುವಾಗುತ್ತವೆ. 4, 8, 12 ವಾರದ ಕೋರ್ಸುಗಳಿವೆ. ನಮ್ಮ ಉದ್ದೇಶಕ್ಕೆ 12 ವಾರದ್ದೇ ಆಗಬೇಕು. ನಾಲ್ಕು ವಾರ ಹುರುಪಿನಲ್ಲೇ ಕಳೆದುಹೋಗುತ್ತದೆ. ಹುರುಪು ಇಳಿದ ಮೇಲೂ ಕೂರುತ್ತೇವೆಯೇ ಎಂಬುದು ಆರನೇ ಏಳನೇ ವಾರದಲ್ಲಿ ತಿಳಿಯುತ್ತದೆ.

ವಾರಕ್ಕೆ ಸುಮಾರು ಅರ್ಧರ್ಧ ಗಂಟೆಯ ಐದಾರು ಪಾಠಗಳು. ಪ್ರತಿ ವಾರ ಒಂದು ಅಸೈನ್‌ಮೆಂಟ್. ಸಲ್ಲಿಸಲು ಸಾಮಾನ್ಯವಾಗಿ ಬುಧವಾರ ರಾತ್ರಿ 11:59ರ ಗಡುವು. 12 ಅಸೈನ್‌ಮೆಂಟುಗಳಲ್ಲಿ ಒಳ್ಳೆಯ 8ರ ಸರಾಸರಿ ತೆಗೆದು 25 ಅಂಕ, ಕೊನೆಯ ಪರೀಕ್ಷೆಗೆ 75. ಪ್ರಮಾಣಪತ್ರ ಸಿಗಬೇಕಾದರೆ ಅಸೈನ್‌ಮೆಂಟಿನಲ್ಲಿ 25ಕ್ಕೆ 10, ಪರೀಕ್ಷೆಯಲ್ಲಿ 75ಕ್ಕೆ 30 ಆದರೂ ಬೇಕು. ಪರೀಕ್ಷೆ ಮನೆಯಲ್ಲಿ ಕೂತು ಬರೆಯುವಂಥದ್ದಲ್ಲ. ಕೇಂದ್ರಕ್ಕೆ ಹೋಗಿ, ಮೇಲ್ವಿಚಾರಕರ ಎದುರು ಕಂಪ್ಯೂಟರಿನಲ್ಲಿ ಮೂರು ಗಂಟೆ ಬರೆಯಬೇಕು. ಹೆಚ್ಚಾಗಿ ಶನಿವಾರ ಭಾನುವಾರ ಇರುವುದರಿಂದ ಕೆಲಸದವರಿಗೆ ರಜೆಯ ತಾಪತ್ರಯ ಕಡಿಮೆ.

ಈ ಏರ್ಪಾಡಿನಲ್ಲಿ ನನಗೆ ತುಂಬ ಇಷ್ಟವಾದದ್ದು ಪರೀಕ್ಷಾ ಶುಲ್ಕದ ಗಡುವು. ಕೋರ್ಸಿಗೆ ಹೆಸರು ಹಚ್ಚುವಾಗ ಹಣ ಕೇಳುವುದಿಲ್ಲ. ಕೆಲವು ವಾರ ಪಾಠ ಕೇಳಿ, ಅಸೈನ್‌ಮೆಂಟ್ ಮಾಡಿ ನೋಡಿದ ಮೇಲೆ ಪರೀಕ್ಷೆಯ ನೋಂದಣಿಯ ಗಡುವು ಬರುತ್ತದೆ. ಅಂದರೆ ವಿಷಯದ ಬಿಸಿ ತಾಗಿದ ಮೇಲೆ ‘ಮುಂದುವರಿಯುತ್ತೀಯಾ?’ ಎಂಬ ಪ್ರಶ್ನೆ ಎದುರಿಗೆ ಬರುತ್ತದೆ. ಮೊತ್ತ ದೊಡ್ಡದಲ್ಲ. ಆದರೂ ಹಣ ಕಟ್ಟುವ ಪುಟ ತೆರೆದಾಗ ಮನಸ್ಸು ಯಾವ ಕಡೆ ವಾಲುತ್ತದೆ ಎಂದು ಗಮನಿಸಿ. ನಾನು ಹಿಂದೆಮುಂದೆ ನೋಡದೆ ಕಟ್ಟಿದೆ, ಮತ್ತು ಆ ಕ್ಷಣಕ್ಕೆ ನನಗೇ ಆಶ್ಚರ್ಯವಾಯಿತು.

ಇನ್ನು ಕೋರ್ಸಿನ ಒಳಗಿನ ಅನುಭವ. ಮೊದಲ ವಾರಗಳು ಸುಲಭವೆನಿಸಿದವು: ಒಂದು ತೂಕ, ಒಂದು ಸ್ಪ್ರಿಂಗು, ಅಲುಗಾಟ ತಗ್ಗಿಸುವ ಒಂದು ಡ್ಯಾಂಪರು. ಮಾಸ್ (ದ್ರವ್ಯರಾಶಿ) ಅನ್ನು ಬಿಗಿತದಿಂದ ಭಾಗಿಸಿ ವರ್ಗಮೂಲ ತೆಗೆದು 2π ಇಂದ ಗುಣಿಸಿದರೆ ಕಂಪನದ ಸಹಜ ಅವಧಿ, ಅಂದರೆ ಒಂದು ಸಲ ಅತ್ತಿತ್ತ ಅಲುಗಾಡಲು ಹಿಡಿಯುವ ಸಮಯ. ಇದು ಬಿ.ಇ.ಯಲ್ಲೂ ಬಂದಿತ್ತು. ಆಮೇಲೆ ಅಲುಗಾಟದ ಸಮೀಕರಣ ಬಿಡಿಸುವ ಡುಹಾಮೆಲ್ ಇಂಟಿಗ್ರಲ್ ಬಂತು, ನ್ಯೂಮಾರ್ಕ್ ವಿಧಾನ ಬಂತು. ಆಫೀಸಿನಿಂದ ಬರುವಾಗಲೇ ಎಂಟಾಗಿರುತ್ತದೆ. ಡಿಫರೆನ್ಷಿಯಲ್ ಈಕ್ವೇಷನ್ ಬಿಡಿಸಿ ಕಾಲವಾಗಿತ್ತು, ಕೈ ತುಕ್ಕು ಹಿಡಿದಿತ್ತು. ಬಿ.ಇ. ಗಣಿತದ ಪುಸ್ತಕ ಅಟ್ಟದಿಂದ ಇಳಿಸಿ ಒಂದೊಂದು ಸಾಲೂ ಬರೆದು ನೋಡಬೇಕಾಯಿತು. ವಿಡಿಯೊ ಅರ್ಧ ಗಂಟೆಯದು ನಿಜ, ಆದರೆ ನಿಲ್ಲಿಸಿ, ಹಿಂದಕ್ಕೆ ಹೋಗಿ, ಬರೆದುಕೊಂಡು ನೋಡಿದರೆ ಒಂದೂವರೆ ಗಂಟೆ ಬೇಕು. ‘ವಾರಕ್ಕೆ ಮೂರು ಗಂಟೆ ಸಾಕು’ ಎಂದು ಲೆಕ್ಕ ಹಾಕಿಕೊಂಡು ಬರುವವರು ಅದನ್ನು ಮೂರರಿಂದ ಗುಣಿಸಿಕೊಳ್ಳಿ.

ಕಟ್ಟಡ ಅಲುಗಾಡುವ ಬೇರೆ ಬೇರೆ ಆಕಾರಗಳನ್ನು (ಮೋಡ್) ಲೆಕ್ಕ ಹಾಕುವ ಮೋಡಲ್ ಅನಾಲಿಸಿಸ್‌ನ ವಾರಗಳು ಬಂದಾಗ ನನಗೆ ಬೇಕಾಗಿದ್ದದ್ದು ಸಿಕ್ಕಿತು. ಭೂಕಂಪದ ಕೋಡ್ ಐಎಸ್ 1893 ಪ್ರಕಾರ, ಲೆಕ್ಕಕ್ಕೆ ತೆಗೆದುಕೊಂಡ ಮೋಡ್‌ಗಳ ಒಟ್ಟು ಮೋಡಲ್ ಮಾಸ್ (ಆ ಅಲುಗಾಟಗಳಲ್ಲಿ ಭಾಗವಹಿಸುವ ಮಾಸ್) ಕಟ್ಟಡದ ಮಾಸ್‌ನ ಕನಿಷ್ಠ 90% ಇರಬೇಕು. ಆಫೀಸಿನಲ್ಲಿ ನಾವು ಮಾಡುವುದಿಷ್ಟೆ: ಟೇಬಲ್ ತೆರೆದು ನೋಡು, 90 ಬಂದಿಲ್ಲವಾದರೆ ಮೋಡ್‌ಗಳ ಸಂಖ್ಯೆ ಹೆಚ್ಚಿಸಿ ಮತ್ತೆ ರನ್ ಮಾಡು. ಆ 90 ಎಲ್ಲಿಂದ ಬರುತ್ತದೆ, ‘ಕಟ್ಟಡದ ತೂಕದ 90%’ ಎಂದರೇನು, ಯಾವ ತೂಕ ಎಲ್ಲಿ ಭಾಗವಹಿಸುತ್ತಿದೆ ಎಂದು ನಾನು ಯಾರನ್ನೂ ಕೇಳಿರಲಿಲ್ಲ. ಪ್ರಾಧ್ಯಾಪಕರು ಮೂರು ಮಹಡಿಯ ಪುಟ್ಟ ಫ್ರೇಮ್ ತೆಗೆದುಕೊಂಡು, ಪ್ರತಿ ಮೋಡ್‌ನ ಆಕಾರ ಬರೆದು, ಪ್ರತಿಯೊಂದರ ಪಾಲಿನ ಮಾಸ್ ಲೆಕ್ಕ ಹಾಕಿ, ಮೂರನ್ನೂ ಕೂಡಿಸಿದಾಗ ಕಟ್ಟಡದ ಪೂರ್ತಿ ಮಾಸ್ ಬಂತು. ನಾನೂ ಕಾಗದದ ಮೇಲೆ ಮಾಡಿದೆ. ಬಂತು. ಆ ರಾತ್ರಿ ಮಲಗಲು ಮನಸ್ಸಾಗಲಿಲ್ಲ. ಮರುದಿನ ಆಫೀಸಿನ ಮಾಡೆಲ್ ತೆರೆದು ಅದೇ ಟೇಬಲ್ ನೋಡಿದಾಗ ಪ್ರತಿ ಸಾಲೂ ಅರ್ಥವಾಗುತ್ತಿತ್ತು. ಮೂರನೇ ಮೋಡ್‌ನಲ್ಲಿ ಕಟ್ಟಡ ತಿರುಚಿಕೊಳ್ಳುತ್ತಿರುವುದೂ, ಅದಕ್ಕೆ ಲಿಫ್ಟಿನ ಗೋಡೆ ಒಂದು ಮೂಲೆಯಲ್ಲಿ ಇರುವುದು ಕಾರಣವೆನ್ನುವುದೂ ಕಂಡಿತು.

ಇನ್ನೊಂದು ಉದಾಹರಣೆ ಹೇಳಲೇಬೇಕು. ಇಟ್ಟಿಗೆ ಗೋಡೆ ತುಂಬಿದ ಕಟ್ಟಡದ ಸಹಜ ಅವಧಿಗೆ ಐಎಸ್ 1893ರ 2016ರ ಆವೃತ್ತಿ ಕೊಡುವ ಸೂತ್ರ ಹೀಗಿದೆ: ಎತ್ತರವನ್ನು 0.09ರಿಂದ ಗುಣಿಸಿ, ತಳದ ಅಗಲದ ವರ್ಗಮೂಲದಿಂದ ಭಾಗಿಸಬೇಕು. 30 ಮೀಟರ್ ಎತ್ತರ, 16 ಮೀಟರ್ ತಳ ಇದ್ದರೆ 0.675 ಸೆಕೆಂಡ್. ಅದೇ ಕಟ್ಟಡವನ್ನು ಗೋಡೆಗಳನ್ನು ಬರೀ ಭಾರವಾಗಿ ಹಾಕಿ ಸಾಫ್ಟ್‌ವೇರಿನಲ್ಲಿ ರನ್ ಮಾಡಿದರೆ 1.4 ಸೆಕೆಂಡಿನಂತೆ ಬರಬಹುದು. ಮಧ್ಯಮ ಮಣ್ಣಿಗೆ ಈ ಅವಧಿಗಳಲ್ಲಿ ಬಲದ ಗುಣಕ 1.36 ಭಾಗಿಸು ಅವಧಿ. ಮೊದಲನೆಯದಕ್ಕೆ ಸುಮಾರು 2.01, ಎರಡನೆಯದಕ್ಕೆ 0.97. ಎರಡರಷ್ಟು ವ್ಯತ್ಯಾಸ! ಆದ್ದರಿಂದಲೇ ಸಾಫ್ಟ್‌ವೇರಿನಿಂದ ಬಂದ ಬೇಸ್ ಶಿಯರ್ (ಕಟ್ಟಡದ ಬುಡದಲ್ಲಿ ಬರುವ ಒಟ್ಟು ಅಡ್ಡ ಬಲ) ಕಡಿಮೆಯಿದ್ದರೆ ಸೂತ್ರದ ಮಟ್ಟಕ್ಕೆ ಏರಿಸಿ ಎಂದು ಕೋಡ್ ಹೇಳುತ್ತದೆ. ನಾವು ಆ ‘ಸ್ಕೇಲ್ ಫ್ಯಾಕ್ಟರ್’ ಅನ್ನು ಎಷ್ಟೋ ಕಟ್ಟಡಗಳಿಗೆ ಹಾಕಿದ್ದೇವೆ. ಗೋಡೆಗಳು ಕಟ್ಟಡವನ್ನು ಬಿಗಿಯಾಗಿಸುತ್ತವೆ, ಬಿಗಿಯಾದರೆ ಅವಧಿ ಇಳಿಯುತ್ತದೆ, ಅವಧಿ ಇಳಿದರೆ ಬಲ ಏರುತ್ತದೆ. ನೆಲಮಹಡಿಯಲ್ಲಿ ಮಾತ್ರ ಗೋಡೆ ಇಲ್ಲದಿದ್ದರೆ ಆ ಬಲವನ್ನೆಲ್ಲ ಅಲ್ಲಿನ ಕಾಲಮ್‌ಗಳೇ ತಡೆಯಬೇಕು. ಈ ಸರಪಳಿ ಪೂರ್ತಿ ಕಂಡದ್ದು ಈ ಕೋರ್ಸಿನಲ್ಲಿ. ಅಹಮದಾಬಾದಿನ ಕಟ್ಟಡಗಳು ಯಾಕೆ ಬಿದ್ದವು ಎಂದು ಮೊದಲ ಬಾರಿಗೆ ಲೆಕ್ಕದ ಸಮೇತ ಅರ್ಥವಾಯಿತು.

ನನಗೆ ಬೇಕಾದದ್ದು ಬಿಡುವಲ್ಲ, ಓದೇ ಎಂದು ಖಚಿತವಾದದ್ದು ಆಗ. ಸುಸ್ತಾಗಿದ್ದ ವಾರಗಳಲ್ಲೂ ಪುಸ್ತಕ ಮುಚ್ಚಿಡಲು ಮನಸ್ಸು ಬರಲಿಲ್ಲ. ಕೊನೆಗೆ ‘ಎಲೀಟ್’ ಜೊತೆ ‘ಸಿಲ್ವರ್’ ಎಂದು ನಮೂದಾದ ಪ್ರಮಾಣಪತ್ರ ಬಂತು. 75ರಿಂದ 89 ಅಂಕಕ್ಕೆ ಅದು, 90 ದಾಟಿದರೆ ಗೋಲ್ಡ್. ಖುಷಿಯಾಯಿತು, ಆದರೆ ನಿರ್ಧಾರಕ್ಕೆ ಅಂಕಗಳಿಗಿಂತ ಆ ನಡುವಿನ ವಾರಗಳೇ ಮುಖ್ಯ.

ಅದೇ ಬಾರಿ ನಮ್ಮ ಆಫೀಸಿನ ಗೆಳೆಯನೊಬ್ಬನೂ ಸೇರಿಕೊಂಡಿದ್ದ. ಅವನಿಗೆ ಮಣ್ಣು, ಅಡಿಪಾಯದ ವಿಷಯವಾದ ಜಿಯೋಟೆಕ್ನಿಕಲ್‌ನಲ್ಲಿ ಎಂ.ಟೆಕ್ ಮಾಡುವ ಆಸೆ, ರಾಜೀನಾಮೆಯ ಮಾತೂ ಆಡುತ್ತಿದ್ದ. ನಾಲ್ಕನೇ ವಾರದಿಂದ ವಿಡಿಯೊ ತೆರೆಯುವುದನ್ನೇ ಬಿಟ್ಟ. ಮಾತಾಡುತ್ತ ಹೋದಾಗ ಹೊರಬಿದ್ದದ್ದು ಬೇರೆ: ಅವನಿಗೆ ಸಾಕಾಗಿದ್ದದ್ದು ದಿನವಿಡೀ ಪರದೆಯ ಮುಂದೆ ಕೂರುವುದು. ಮೇಲಿನವರ ಹತ್ತಿರ ಮಾತಾಡಿ ಸೈಟ್ ಸೂಪರ್‌ವಿಷನ್ ತಂಡಕ್ಕೆ ಬದಲಾಯಿಸಿಕೊಂಡ, ಈಗ ಗೆಲುವಾಗಿದ್ದಾನೆ. ಅವನ ಪಾಲಿಗೂ ಕೋರ್ಸ್ ಚೆನ್ನಾಗಿಯೇ ಕೆಲಸ ಮಾಡಿತು ಎಂದು ನಾನು ಎಣಿಸುತ್ತೇನೆ. ಅರ್ಧಕ್ಕೆ ಬಿಟ್ಟ ಕೋರ್ಸ್‌ನಿಂದ ಅವನಿಗೆ ಏನೂ ಹೋಗಲಿಲ್ಲ; ಅರ್ಧಕ್ಕೆ ಬಿಟ್ಟ ಎಂ.ಟೆಕ್ ಆಗಿದ್ದರೆ ಕೆಲಸವೂ ಹೋಗಿ ಒಂದು ವರ್ಷವೂ ಹೋಗುತ್ತಿತ್ತು.

ಕೋರ್ಸ್ ಆಯ್ಕೆ ಮಾಡುವಾಗ ಕೆಲವು ಸಂಗತಿ ನೋಡಿಕೊಳ್ಳಿ. ಒಂದೇ ವಿಷಯಕ್ಕೆ ಬೇರೆ ಬೇರೆ ಐಐಟಿಗಳ ಹಲವು ಪ್ರಾಧ್ಯಾಪಕರ ಕೋರ್ಸುಗಳು ಇರುತ್ತವೆ, ಹಳೆಯ ವಿಡಿಯೊಗಳು ಯೂಟ್ಯೂಬಿನಲ್ಲಿ ಪುಕ್ಕಟೆ ಇವೆ. ಸೇರುವ ಮೊದಲು ಒಬ್ಬೊಬ್ಬರದೂ ಒಂದೊಂದು ಪಾಠ ಕೇಳಿ. ಸ್ಲೈಡ್ ಓದಿಸುವವರಿಗಿಂತ ಬೋರ್ಡಿನ ಮೇಲೋ ಟ್ಯಾಬ್ಲೆಟ್ಟಿನ ಮೇಲೋ ಕೈಯಲ್ಲಿ ಬರೆಯುತ್ತ ಹೋಗುವವರ ಪಾಠ ನನಗೆ ನೂರು ಪಾಲು ಮೇಲು; ಅವರ ಕೈಯ ವೇಗಕ್ಕೆ ನಮ್ಮ ಕೈಯೂ ಬರೆಯುತ್ತದೆ. ಪಾಠ ಇಂಗ್ಲಿಷಿನಲ್ಲೇ ಇರುತ್ತದೆ. ಕೆಲವು ಕೋರ್ಸುಗಳಿಗೆ ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳ ಅನುವಾದ ಲಭ್ಯವಿದೆ. ಕನ್ನಡ ಮಾಧ್ಯಮದಿಂದ ಡಿಪ್ಲೊಮಾ ಮಾಡಿ ಎಂಜಿನಿಯರಿಂಗಿಗೆ ಬಂದವರು ಅದನ್ನು ಪಕ್ಕದಲ್ಲಿಟ್ಟುಕೊಂಡರೆ ಒಳ್ಳೆಯದು. ಇನ್ನೊಂದು, ನಿಮಗೆ ಈಗಾಗಲೇ ಚೆನ್ನಾಗಿ ಬರುವ ವಿಷಯ ತೆಗೆದುಕೊಳ್ಳಬೇಡಿ. ನಾನು ಕಾಂಕ್ರೀಟ್ ಡಿಸೈನ್ ಕೋರ್ಸ್ ತೆಗೆದುಕೊಂಡಿದ್ದರೆ ಆಫೀಸಿನ ಅನುಭವದಲ್ಲೇ ಪಾಸಾಗುತ್ತಿದ್ದೆ, ಮತ್ತು ನನ್ನ ಬಗ್ಗೆ ಹೊಸದೇನೂ ತಿಳಿಯುತ್ತಿರಲಿಲ್ಲ.

ಈ ಪರೀಕ್ಷೆ ಅಳೆಯದ ಸಂಗತಿಗಳೂ ಇವೆ. ಅಸೈನ್‌ಮೆಂಟಿನಲ್ಲೂ ಪರೀಕ್ಷೆಯಲ್ಲೂ ಹೆಚ್ಚಾಗಿ ಬರುವುದು ಆಯ್ಕೆಯ ಪ್ರಶ್ನೆ, ಇಲ್ಲವೇ ಸಂಖ್ಯೆಯ ಉತ್ತರ. ಒಂದು ಸಿದ್ಧಾಂತವನ್ನು ಮೊದಲಿನಿಂದ ಕೊನೆಯವರೆಗೆ ಬರೆದು ತೋರಿಸುವ ಕೆಲಸ ಇಲ್ಲ. ಎಂ.ಟೆಕ್‌ನ ಎರಡನೇ ವರ್ಷವೆಲ್ಲ ಹೆಚ್ಚುಕಡಿಮೆ ಪ್ರಬಂಧದ್ದೇ: ಒಂದು ಸಮಸ್ಯೆ ಹಿಡಿದು, ಹತ್ತಾರು ಸಂಶೋಧನಾ ಲೇಖನ ಓದಿ, ತಿಂಗಳುಗಟ್ಟಲೆ ಗೈಡ್ ಮತ್ತು ಲ್ಯಾಬ್ ನಡುವೆ ಓಡಾಡುವುದು. ಉತ್ತರ ಯಾರಿಗೂ ಗೊತ್ತಿಲ್ಲದ ಪ್ರಶ್ನೆಯ ಜೊತೆ ಬದುಕುವ ತಾಳ್ಮೆ ನಮಗಿದೆಯೇ ಎಂದು 12 ವಾರದ ಕೋರ್ಸ್ ಹೇಳಲಾರದು. ಆ ಕೊರತೆ ತುಂಬಲು ನಾನು ಶೋಧಗಂಗಾ ತೆರೆದೆ. ಇನ್‌ಫ್ಲಿಬ್‌ನೆಟ್ ನಡೆಸುವ ಆ ಭಂಡಾರದಲ್ಲಿ ಭಾರತದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳು ಯಾರು ಬೇಕಾದರೂ ಓದುವಂತೆ ಇವೆ. ಇಟ್ಟಿಗೆ ಗೋಡೆ ತುಂಬಿದ ಫ್ರೇಮ್‌ಗಳ ಬಗ್ಗೆ ಒಂದು ಪ್ರಬಂಧ ಇಳಿಸಿಕೊಂಡು ಓದಲು ಕೂತೆ. ಮೊದಲ ಅಧ್ಯಾಯಗಳು ನಿಧಾನ, ಪ್ರಯೋಗದ ಅಧ್ಯಾಯ ಬಂದ ಮೇಲೆ ಬಿಡಲಾಗಲಿಲ್ಲ. ಪಿಎಚ್.ಡಿ. ಆಳ ಎಂ.ಟೆಕ್‌ಗೆ ಬೇಡ, ಆದರೆ ರುಚಿ ನೋಡಲು ಇದು ಒಳ್ಳೆಯ ದಾರಿ.

ಸಹಪಾಠಿಗಳ ಸಹವಾಸವನ್ನೂ ಕೋರ್ಸ್ ಕೊಡುವುದಿಲ್ಲ. ಪ್ರಶ್ನೋತ್ತರ ವೇದಿಕೆ ಇದೆ, ನೇರ ತರಗತಿಗಳೂ ಆಗಾಗ ಇರುತ್ತವೆ. ಆದರೆ ಪಕ್ಕದ ಬೆಂಚಿನವಳ ಜೊತೆ ಜಗಳವಾಡಿ ಕಲಿಯುವುದು ಬೇರೆಯೇ.

ಹಣದ ಲೆಕ್ಕ ಯಾವ ಕೋರ್ಸೂ ಹೇಳಿಕೊಡುವುದಿಲ್ಲ, ಅದನ್ನು ನಾವೇ ಕಾಗದದ ಮೇಲೆ ಮಾಡಬೇಕು. ನನ್ನ ಕೈಗೆ ಬರುವುದು ತಿಂಗಳಿಗೆ 41,000. ಎರಡು ವರ್ಷಕ್ಕೆ 9,84,000. ಗೇಟ್ ಪ್ರವೇಶ ಪರೀಕ್ಷೆಯ ಮೂಲಕ ಪೂರ್ಣಾವಧಿ ಎಂ.ಟೆಕ್ ಸೇರಿದರೆ ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್, 24 ತಿಂಗಳಿಗೆ 2,97,600. ಅಂದರೆ ಶುಲ್ಕ, ಹಾಸ್ಟೆಲ್ ಬಿಟ್ಟು 6,86,400 ರೂಪಾಯಿ ನನ್ನ ಮನೆಯ ಲೆಕ್ಕದಲ್ಲಿ ಕಡಿಮೆಯಾಗುತ್ತದೆ. ತಮ್ಮನ ಓದಿನ ಶುಲ್ಕಕ್ಕೆ ನನ್ನ ಸಂಬಳವೇ ಆಧಾರ. ಈ ಮೊತ್ತ ಬರೆದು ಅಪ್ಪ ಅಮ್ಮನ ಮುಂದಿಟ್ಟಾಗ ಮಾತುಕತೆಯ ಧಾಟಿಯೇ ಬದಲಾಯಿತು. ಅಲ್ಲಿಯವರೆಗೆ ‘ಓದಬೇಕೇ ಬೇಡವೇ’ ಎಂದು ವಾದವಾಗುತ್ತಿತ್ತು, ಆಮೇಲೆ ‘ತಮ್ಮನ ಕೊನೆಯ ವರ್ಷದ ಶುಲ್ಕ ಮೊದಲೇ ತೆಗೆದಿಟ್ಟರೆ?’ ಎಂದು ಅಮ್ಮನೇ ಕೇಳಿದರು. ನೌಕರಿಯಲ್ಲಿ ಐದು ವರ್ಷ ತುಂಬಲು ಕೆಲವೇ ತಿಂಗಳು ಬಾಕಿ ಇರುವವರು ಗ್ರಾಚ್ಯುಟಿಯನ್ನೂ ನೋಡಿಕೊಳ್ಳಿ. ವರ್ಷಕ್ಕೆ 15 ದಿನದ ವೇತನದಂತೆ ಬರುವ ಹಣ, ಸುಮ್ಮನೆ ಬಿಟ್ಟು ಬರುವುದೇಕೆ?

ಗಡುವುಗಳ ವಿಷಯದಲ್ಲಿ ಕೆಲಸದವರಿಗೆ ಒಂದು ಎಚ್ಚರಿಕೆ. ಗೇಟ್ ಫೆಬ್ರುವರಿಯಲ್ಲಿ ನಡೆಯುತ್ತದೆ, ಫಲಿತಾಂಶ ಮಾರ್ಚ್‌ನಲ್ಲಿ, ಅಂಕ ಮೂರು ವರ್ಷ ಚಾಲ್ತಿಯಲ್ಲಿರುತ್ತದೆ. ಐಐಟಿಗಳ ಆಫರ್‌ಗಳು ಕಾಪ್ (COAP) ಎಂಬ ಒಂದೇ ಪೋರ್ಟಲಿನಲ್ಲಿ ಸಾಮಾನ್ಯವಾಗಿ ಮೇ ಮಧ್ಯದ ನಂತರ ಬರುತ್ತವೆ, ತರಗತಿಗಳು ಜುಲೈ ಕೊನೆಯ ಹೊತ್ತಿಗೆ ಶುರು. ನಿಮ್ಮ ನೋಟಿಸ್ ಪೀರಿಯಡ್ 90 ದಿನವಾದರೆ ಆಫರ್ ನೋಡಿ ರಾಜೀನಾಮೆ ಕೊಡುವಷ್ಟು ಸಮಯವೇ ಇಲ್ಲ. ಮೊದಲ ಸುತ್ತಿನಲ್ಲಿ ಸಿಕ್ಕ ಆಫರ್ ಇಟ್ಟುಕೊಂಡು, ಇನ್ನೂ ಒಳ್ಳೆಯದಕ್ಕೆ ‘ರಿಟೈನ್ ಅಂಡ್ ವೇಟ್’ ಎಂದು ಕಾಯುತ್ತಿದ್ದರಂತೂ ಇನ್ನೂ ಇಕ್ಕಟ್ಟು. ಆದ್ದರಿಂದ ಬೇಗ ಬಿಡುಗಡೆ ಕೊಡುತ್ತಾರೆಯೇ, ಉಳಿದ ದಿನಗಳಿಗೆ ಹಣ ಕಟ್ಟಿ ಹೊರಡಬಹುದೇ ಎಂದು ನೇಮಕಾತಿ ಪತ್ರ ತೆಗೆದು ಈಗಲೇ ಓದಿ. ಮೂರು ವರ್ಷದ ಮಾನ್ಯತೆ ಇರುವುದರಿಂದ ಕೆಲಸದಲ್ಲಿದ್ದಾಗಲೇ ಗೇಟ್ ಬರೆದಿಟ್ಟುಕೊಂಡು, ಮನೆಯ ಪರಿಸ್ಥಿತಿ ಒದಗಿದ ವರ್ಷ ಅರ್ಜಿ ಹಾಕುವುದು ಸಾಧ್ಯ. ಇದನ್ನು ಯಾವ ಕೌನ್ಸೆಲರೂ ನನಗೆ ಹೇಳಲಿಲ್ಲ. ರಾಜ್ಯದ ಕಾಲೇಜುಗಳಲ್ಲಿ ಸೇರುವವರಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸುವ ಪಿಜಿಸಿಇಟಿ ಪ್ರವೇಶ ಪರೀಕ್ಷೆ ಇದೆ, ಅದರ ವೇಳಾಪಟ್ಟಿ ಬೇರೆ.

ಕೆಲಸ ಬಿಡದೆ ಓದುವ ದಾರಿಗಳನ್ನೂ ನೋಡಿದೆ. ಕಂಪನಿಯ ಒಪ್ಪಿಗೆ ಪತ್ರದೊಂದಿಗೆ ಸ್ಪಾನ್ಸರ್ಡ್ ವರ್ಗದಲ್ಲಿ ಹೋಗಬಹುದು, ಐಐಟಿ ಕಾನ್ಪುರದ ಆನ್‌ಲೈನ್ ಪದವಿ ಇ-ಮಾಸ್ಟರ್ಸ್‌ಗೆ ಗೇಟ್ ಕೂಡ ಬೇಡ. ಬಡ್ತಿಗಾಗಿ ಪದವಿ ಬೇಕಾದವರಿಗೆ, ಮನೆ ಬಿಡಲಾಗದವರಿಗೆ ಇವು ಒಳ್ಳೆಯ ದಾರಿಗಳು. ನನಗೆ ಬೇಕಾಗಿರುವುದು ಲ್ಯಾಬಿನಲ್ಲಿ ಗೋಡೆ ಕಟ್ಟಿ, ಅಲುಗಾಡಿಸಿ, ಬಿರುಕು ಎಲ್ಲಿ ಬಿತ್ತು ಎಂದು ನೋಡುವುದು. ಅದು ರಾತ್ರಿ ಎಂಟರ ಮೇಲೆ ಲ್ಯಾಪ್‌ಟಾಪಿನಲ್ಲಿ ಆಗುವ ಕೆಲಸವಲ್ಲ ಎಂದು ಕೋರ್ಸ್ ಮುಗಿಯುವ ಹೊತ್ತಿಗೆ ಸ್ಪಷ್ಟವಾಗಿತ್ತು.

ಹಾಗಾಗಿ ನನ್ನ ನಿರ್ಧಾರ: ಹೋಗುತ್ತೇನೆ, ಆದರೆ ಈ ವರ್ಷವಲ್ಲ. ಬರುವ ಫೆಬ್ರುವರಿಗೆ ಗೇಟ್ ಬರೆಯುತ್ತೇನೆ, ತಮ್ಮನ ಕೊನೆಯ ವರ್ಷದ ಶುಲ್ಕ ಕಟ್ಟಿ ಮುಗಿಸಿ, ಅದರ ಮುಂದಿನ ಬೇಸಿಗೆಯಲ್ಲಿ ಅರ್ಜಿ ಹಾಕುತ್ತೇನೆ. ಆಫೀಸಿನ ಹಿರಿಯರಿಗೆ ಹೇಳಿದ್ದೇನೆ. ನೋಟಿಸ್ ಅವಧಿ ಕಡಿಮೆ ಮಾಡಿಸಿಕೊಡುವ ಜವಾಬ್ದಾರಿ ತಮ್ಮದೆಂದು ಅವರು ಒಪ್ಪಿದ್ದಾರೆ.

ಯಾರಿಗೆ ಈ ಕೋರ್ಸ್ ಬೇಡ ಎಂದೂ ಹೇಳಿಬಿಡುತ್ತೇನೆ. ಮೂರು ತಿಂಗಳು ಭಾನುವಾರವೂ ಸೈಟಿನಲ್ಲೇ ಕಳೆಯುವ ಪ್ರಾಜೆಕ್ಟಿನ ನಡುವೆ ಇದ್ದರೆ ಈಗ ಸೇರಬೇಡಿ. ಅಲ್ಲಿ ಬಿಟ್ಟರೆ ಅದು ದಣಿವಿನ ತೀರ್ಪು, ಆಸಕ್ತಿಯದಲ್ಲ. ಮುಂದಿನ ಜನವರಿಗೋ ಜುಲೈಗೋ ಕಾಯಿರಿ. ವಿಷಯವೇ ಬದಲಾಯಿಸಿ ಎಂ.ಬಿ.ಎ. ಕಡೆ ಹೊರಟವರಿಗೆ ಮ್ಯಾನೇಜ್‌ಮೆಂಟ್ ಕೋರ್ಸುಗಳೂ ಅಲ್ಲಿವೆ, ಆದರೆ ಆ ಓದಿನಲ್ಲಿ ಸಹಪಾಠಿಗಳ ಜೊತೆಗಿನ ಚರ್ಚೆಯೇ ಅರ್ಧ ಪಾಠ. ಅದಕ್ಕೆ ಈ ಅಳತೆಗೋಲು ಅಷ್ಟು ಒಗ್ಗುವುದಿಲ್ಲ. ಮಿಕ್ಕ ಎಂಜಿನಿಯರುಗಳಿಗೆ, ಅದರಲ್ಲೂ ಸಾಫ್ಟ್‌ವೇರಿನ ಗುಂಡಿಗಳ ಹಿಂದೆ ಏನಿದೆ ಎಂದು ನನ್ನ ಹಾಗೆ ಕಾಡುತ್ತಿರುವವರಿಗೆ ನಾನು ಇದಕ್ಕೆ 5ಕ್ಕೆ 4.5 ಕೊಡುತ್ತೇನೆ. ಆ ಅರ್ಧ ಕಳೆದದ್ದು ಬರೆದು ಸಾಧಿಸುವ ಪ್ರಶ್ನೆಗಳು ಇಲ್ಲದಿರುವುದಕ್ಕೆ. ಸೇರಿದ ಮೇಲೆ ಒಂದು ದಪ್ಪ ನೋಟ್‌ಬುಕ್ ಇಟ್ಟುಕೊಂಡು ಪ್ರತಿ ವಾರ ಒಂದು ಸಿದ್ಧಾಂತವನ್ನು ವಿಡಿಯೊ ಮುಚ್ಚಿ ಪೂರ್ತಿ ಬರೆಯಿರಿ. ಆ ಕೊರತೆಯೂ ಹೆಚ್ಚುಕಡಿಮೆ ನೀಗುತ್ತದೆ.